ಸೂಜಿ-ದಾರ ವಿಮಾನ ಹತ್ತುವಾಗ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ

ನಮ್ಮ ಕಡೆ ಎಷ್ಟೋ ಅಮ್ಮಂದಿರು ಮೊದಲ ಸಲ ವಿಮಾನ ಹತ್ತುವುದೇ ಮಗಳ ಬಾಣಂತನಕ್ಕೆ. ಸೂಟ್‌ಕೇಸಿನಲ್ಲಿ ಶೇಂಗಾ ಹಿಂಡಿ, ಅಂಟಿನ ಉಂಡಿ, ಖಾರದ ಪುಡಿ. ಅದರ ಮೇಲೆ ಕೂಸಿಗೆ ಒಂದು ಕುಂಚಿಗೆ, ಅರ್ಧ ಹೊಲಿದ ಒಂದು ಕೌದಿ. ಉಳಿದರ್ಧ ದಾರಿಯಲ್ಲಿ ಹೊಲಿದರಾಯಿತು ಅಂತ ಲೆಕ್ಕ. ಹೊಲಿಯುವವರ ಕೈ ಸುಮ್ನೆ ಕೂರುವುದಿಲ್ಲ, ಅಲ್ವಾ?

ನಾನೂ ಹಾಗೇ ಹೊರಟವಳು. ಒಂದು ಸಲ ವಾಪಸ್ ಬರುವಾಗ, ಒಂದು ಏರ್‌ಪೋರ್ಟಿನ ತಪಾಸಣೆಯಲ್ಲಿ ನನ್ನ ಕೈಚೀಲದಿಂದ ಒಂದು ಕತ್ತರಿ ಹೊರಗೆ ಬಂತು. ಹಿತ್ತಾಳೆ ಹಿಡಿಯ ಹಳೇ ಕತ್ತರಿ. ನಮ್ಮವ್ವ ಕೌದಿಗೆ ಬಟ್ಟೆ ಕತ್ತರಿಸುತ್ತಿದ್ದುದು ಅದರಲ್ಲೇ. ಹೆಬ್ಬೆರಳು ಇಡುವ ಕಡೆ ಹಿಡಿ ಸವೆದು ತೆಳ್ಳಗಾಗಿತ್ತು. ದೊಡ್ಡ ಸೂಟ್‌ಕೇಸ್ ಆಗಲೇ ಬೆಲ್ಟಿನ ಮೇಲೆ ಹೋಗಿತ್ತು. ಹೊರಗೆ ಹೋಗಿ ಕೊಟ್ಟು ಬರಲು ಹೊತ್ತೂ ಇರಲಿಲ್ಲ, ನಮ್ಮವರು ಯಾರೂ ಇರಲಿಲ್ಲ. ಕತ್ತರಿ ಡಬ್ಬಿಯೊಳಗೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ತಪ್ಪು ನನ್ನದೇ, ಚೀಲ ಕಟ್ಟುವಾಗ ನೋಡಿಕೊಳ್ಳಬೇಕಿತ್ತು. ಅಂಥ ನಷ್ಟ ನಿಮಗೆ ಆಗಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೈಚೀಲಕ್ಕೆ ಹೋಗಬೇಕಾದ್ದು ಸೀಟಿನಲ್ಲಿ ಕೂತು ಮಾಡುವ ಕೆಲಸ ಮಾತ್ರ, ಅದೂ ಕತ್ತರಿ ಬೇಡದಂತೆ ಸಿದ್ಧ ಮಾಡಿಕೊಂಡದ್ದು. ಉಳಿದದ್ದೆಲ್ಲ ಚೆಕ್-ಇನ್ ಸೂಟ್‌ಕೇಸಿಗೆ. ಮುಂದಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಯಾವ ಕೆಲಸ ಒಯ್ಯಬೇಕು?

ಹೊರಡುವ ಒಂದು ವಾರ ಮೊದಲೇ ಇದನ್ನು ತೀರ್ಮಾನಿಸಿ. ಹಿಂದಿನ ರಾತ್ರಿ ಕೈಗೆ ಸಿಕ್ಕಿದ್ದು ತುಂಬಿದರೆ ಬೇಡದ್ದೇ ಜಾಸ್ತಿ ಬರುತ್ತದೆ.

ಎಲ್ಲಕ್ಕಿಂತ ಸಲೀಸು ಕ್ರೋಶಾ. ಕಡ್ಡಿಯ ತುದಿ ಮೊಂಡು. ಉಂಡೆ ಮುಗಿಯುವವರೆಗೆ ದಾರ ಕತ್ತರಿಸುವ ಮಾತೇ ಇಲ್ಲ. ವಿಮಾನ ಕುಲುಕಿ ಕಡ್ಡಿ ಜಾರಿದರೂ ಬಿಚ್ಚುವುದು ಒಂದೇ ಕುಣಿಕೆ. ಪ್ಲಾಸ್ಟಿಕ್ ಇಲ್ಲವೇ ಬಿದಿರಿನ ಕಡ್ಡಿ ತಗೊಳ್ಳಿ. ಬಾಗಿಲ ತೋರಣದ ಪಟ್ಟಿ, ಕೂಸಿನ ಟೊಪ್ಪಿಗೆ, ಕಾಲುಚೀಲ ಇಂಥವು ಸರಿ. ಮಣಿ ಹಾಕುವ ತೋರಣ ಮಾತ್ರ ಬೇಡ. ಒಂದು ಮಣಿ ಉರುಳಿದರೆ ಹತ್ತು ಸಾಲು ಹಿಂದೆ ಹೋಗಿ ನಿಲ್ಲುತ್ತದೆ.

ಸ್ವೆಟರ್ ಹೆಣೆಯುವವರು ಉದ್ದನೆಯ ಸ್ಟೀಲ್ ಕಡ್ಡಿ ಮನೆಯಲ್ಲಿ ಬಿಡಿ. ನಡುವೆ ಬಳುಕುವ ವೈರ್ ಇರುವ ಬಿದಿರಿನ ಸರ್ಕ್ಯುಲರ್ ಕಡ್ಡಿ ಒಳ್ಳೆಯದು. ಹೆಣಿಗೆಯ ಭಾರ ತೊಡೆಯ ಮೇಲೆ ಕೂರುತ್ತದೆ, ಕಡ್ಡಿಯ ತುದಿ ಪಕ್ಕದವರ ಪಕ್ಕೆಗೆ ತಾಗುವುದಿಲ್ಲ.

ಕೌದಿ ಇಡಿಯಾಗಿ ಬೇಡ. ಕೌದಿ ಅಂದರೆ ನಾಲ್ಕು ಮಂದಿ ಕೂರುವಷ್ಟು ಜಾಗ ಬೇಡುವ ಕೆಲಸ. ಹಳೇ ಸೀರೆಯ ತುಂಡುಗಳನ್ನು ಒಂದೊಂದು ಗೇಣಿನ ಚೌಕ ಮಾಡಿ, ಅಂಚು ಮಡಚಿ ಇಸ್ತ್ರಿ ಹಾಕಿ, ಎರಡೆರಡು ಚೌಕ ಜೋಡಿಸುವ ಕೆಲಸವನ್ನಷ್ಟೇ ವಿಮಾನಕ್ಕೆ ಇಟ್ಟುಕೊಳ್ಳಿ. ಪದರ ಹಾಕಿ ಸಾಲು ಹೊಲಿಗೆ ಹಾಕುವುದು ತಲುಪಿದ ಮೇಲೆ. ದಬ್ಬಣ ಕೈಚೀಲಕ್ಕೆ ಬೇಡವೇ ಬೇಡ. ಅಷ್ಟು ದೊಡ್ಡ ಸೂಜಿ ಕಂಡರೆ ಯಾರಾದರೂ ತಡೆಯುತ್ತಾರೆ.

ಕಸೂತಿಯ ಗವಂತಿ, ಮುರ್ಗಿ ಹೊಲಿಗೆ ವಿಮಾನಕ್ಕೆ ಹೇಳಿ ಮಾಡಿಸಿದಂತಿವೆ. ಗಂಟು ಹಾಕುವುದಿಲ್ಲ, ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ, ಬಟ್ಟೆ ಬಿಗಿಯುವ ರಿಂಗ್ ಇಲ್ಲದೆಯೂ ನಡೆಯುತ್ತದೆ. ಆದರೆ ಎಳೆ ಎಣಿಸಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆ ಎಣಿಸುವುದು ವಿಮಾನದ ಬೆಳಕಿನಲ್ಲಿ ಆಗದ ಕೆಲಸ. ಎಳೆ ದಪ್ಪಗಿರುವ, ತಿಳಿ ಬಣ್ಣದ ಮ್ಯಾಟಿ ಬಟ್ಟೆ ಒಂದು ತುಂಡು ಒಯ್ಯಿರಿ.

ತಾಂಡಾದ ಅಕ್ಕಂದಿರು ಹಾಕುವ ಲಂಬಾಣಿ ಕಸೂತಿ ಕಲಿಯುತ್ತಿರುವವರು ಕನ್ನಡಿ ಬಿಲ್ಲೆ ಕೂರಿಸುವ ಕೆಲಸ ಮನೆಯಲ್ಲೇ ಮುಗಿಸಿ. ಬಿಡಿ ಕನ್ನಡಿ, ಕವಡೆ ಸೀಟಿನಲ್ಲಿ ಸಂಭಾಳಿಸಲು ಆಗುವುದಿಲ್ಲ. ಸುತ್ತಲಿನ ತುಂಬು ಹೊಲಿಗೆಯನ್ನು ದಾರಿಗೆ ಉಳಿಸಿಕೊಳ್ಳಿ.

ಕತ್ತರಿಯ ಲೆಕ್ಕ

ಬೇರೆ ದೇಶಗಳಲ್ಲಿ ಅಳತೆ ಇದೆ. ಅಮೆರಿಕದಲ್ಲಿ ಕತ್ತರಿಯ ತಿರುಗಣೆ ಮೊಳೆಯಿಂದ ತುದಿಯವರೆಗೆ 4 ಇಂಚಿಗಿಂತ ಕಡಿಮೆ ಇದ್ದರೆ ಕೈಚೀಲದಲ್ಲಿ ಬಿಡುತ್ತಾರೆ. ಬ್ರಿಟನ್ ಮತ್ತು ಯುರೋಪಿನ ದೇಶಗಳಲ್ಲಿ ಅಲಗು 6 ಸೆಂಟಿಮೀಟರ್ ದಾಟಬಾರದು. ಹೊಲಿಗೆ ಸೂಜಿ, ಹೆಣಿಗೆ ಕಡ್ಡಿಗೆ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಅಡ್ಡಿಯಿಲ್ಲ. ಆದರೆ ಎಲ್ಲ ಕಡೆಯೂ ಕೊನೆಯ ಮಾತು ಎದುರಿಗೆ ನಿಂತ ಸಿಬ್ಬಂದಿಯದೇ. ಅಳತೆ ಸರಿ ಇದ್ದರೂ ಬೇಡ ಅಂದರೆ ಬೇಡ.

ನೀವು ಹತ್ತುವುದು ಮೊದಲು ನಮ್ಮ ದೇಶದ ತಪಾಸಣೆ ದಾಟಿ. ಇಲ್ಲಿ ಕೈಚೀಲದಲ್ಲಿ ಕತ್ತರಿ ಕಂಡರೆ ತೆಗೆಸುವುದೇ ಜಾಸ್ತಿ. ಅದಕ್ಕೆ ಅಮೆರಿಕದ 4 ಇಂಚು ನೆಚ್ಚಿಕೊಂಡು ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟಿನಲ್ಲಿ ವಾದಕ್ಕೆ ನಿಲ್ಲಬೇಡಿ. ಕತ್ತರಿ, ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್, ಬಟ್ಟೆ ಕತ್ತರಿಸುವ ಚಕ್ರದ ಕಟ್ಟರ್, ಬಿಡಿ ಬ್ಲೇಡು ಎಲ್ಲವೂ ಸೂಟ್‌ಕೇಸಿಗೆ. ಕೊರಳಿಗೆ ಹಾಕಿಕೊಳ್ಳುವ ಪದಕದಂಥ ದುಂಡು ದಾರ ಕಟ್ಟರ್ ಸಿಗುತ್ತದಲ್ಲ, ನೋಡಲು ಏನೂ ಅಲ್ಲ ಅನಿಸುತ್ತದೆ. ಅದರೊಳಗೆ ಬ್ಲೇಡು ಇದೆ. ಅಮೆರಿಕದಲ್ಲಿ ಅದನ್ನು ಕೈಚೀಲದಲ್ಲಿ ಬಿಡುವುದಿಲ್ಲ.

ಸೂಟ್‌ಕೇಸಿಗೆ ಹಾಕುವಾಗಲೂ ಕತ್ತರಿಯ ತುದಿಗೆ ದಪ್ಪ ಬಟ್ಟೆ ಸುತ್ತಿ ದಾರದಿಂದ ಕಟ್ಟಿ. ತೆರೆದು ನೋಡುವವರ ಕೈಗೆ ಚುಚ್ಚಬಾರದು.

ದಾರ ಮನೆಯಲ್ಲೇ ಕತ್ತರಿಸಿಕೊಳ್ಳುವುದು

ಕತ್ತರಿ ಇಲ್ಲದೆ ಹೇಗೆ ಅಂತ ಕೇಳುತ್ತೀರಿ. ಹೊರಡುವ ಮೊದಲು ಒಂದು ಸಂಜೆ ಕೊಟ್ಟರೆ ಸಾಕು.

ಮನೆಯಲ್ಲಿ ಹಳೇ ಲಗ್ನಪತ್ರಿಕೆ ಇದ್ದೇ ಇರುತ್ತವೆ. ದಪ್ಪ ಕಾರ್ಡಿನದು ಒಂದು ತಗೊಂಡು ಮೂರು ಬೆರಳಗಲದ ಪಟ್ಟಿ ಕತ್ತರಿಸಿ. ಒಂದು ಅಂಚಿನ ಉದ್ದಕ್ಕೂ ಪಂಚಿಂಗ್ ಮಷಿನ್ನಿನಿಂದ ತೂತು ಹಾಕಿ. ಒಂದೊಂದು ತೂತು ಒಂದೊಂದು ಬಣ್ಣಕ್ಕೆ. ತೂತಿನ ಪಕ್ಕ ಆ ದಾರದ ಬಣ್ಣದ ನಂಬರ್ ಬರೆಯಿರಿ. ಲಡಿಯ ಮೇಲಿನ ಕಾಗದ ಕಳೆದುಹೋದರೂ ಅದೇ ಬಣ್ಣ ಮತ್ತೆ ತರಲು ಇದೇ ಆಧಾರ.

ಈಗ ದಾರ. ಒಂದೊಂದು ತುಂಡು ಒಂದು ಮೊಳ ಇರಲಿ, ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಸುಮಾರು 45 ಸೆಂಟಿಮೀಟರ್. ಮನೆಯಲ್ಲಿ ನಾವು ಇದಕ್ಕಿಂತ ಉದ್ದ ತಗೊಳ್ಳುತ್ತೇವೆ. ವಿಮಾನದಲ್ಲಿ ಉದ್ದ ದಾರ ಎಳೆದರೆ ಕೈ ಪಕ್ಕದವರ ಮುಖದ ತನಕ ಹೋಗುತ್ತದೆ. ಮೊಳದ ದಾರವಾದರೆ ಕೈ ನಿಮ್ಮ ಎದೆಯ ಮುಂದೆಯೇ ಆಡುತ್ತದೆ. ದಾರ ಬಟ್ಟೆಯೊಳಗೆ ಹೋಗಿ ಬಂದು ನಾರೆದ್ದು ಸವೆಯುವುದೂ ಕಡಿಮೆ.

ಕಸೂತಿಗೆ ತಗೊಳ್ಳುವ ಲಡಿ ಸಾಮಾನ್ಯವಾಗಿ 8 ಮೀಟರ್, ಒಳಗೆ 6 ಎಳೆ. ಮೊಳದ ಲೆಕ್ಕದಲ್ಲಿ ಕತ್ತರಿಸಿದರೆ 17 ತುಂಡು ಬರುತ್ತವೆ. ಎರಡೆರಡು ಎಳೆಯಲ್ಲಿ ಹೊಲಿಯುವವರಿಗೆ ಒಂದು ತುಂಡಿನಿಂದ ಮೂರು ಸಲ ಸೂಜಿ ತುಂಬಬಹುದು. ಅಂದರೆ ಒಂದೇ ಲಡಿಯಿಂದ 51 ಸಲ. ಹೈದರಾಬಾದಿನಿಂದ ಅಮೆರಿಕ ಮುಟ್ಟುವವರೆಗೂ ಹೊಲಿದರೂ ಮೂರು ನಾಲ್ಕು ಲಡಿ ಸಾಕಾಗುತ್ತದೆ. ಹತ್ತು ಹನ್ನೆರಡು ಲಡಿ ಹೊತ್ತೊಯ್ಯುವುದು ಬೇಡ.

ತುಂಡನ್ನು ನಡುವೆ ಮಡಚಿ. ಮಡಿಕೆಯ ಕುಣಿಕೆಯನ್ನು ತೂತಿನೊಳಗಿಂದ ತೂರಿಸಿ, ಎರಡೂ ತುದಿಯನ್ನು ಆ ಕುಣಿಕೆಯೊಳಗಿಂದ ಎಳೆಯಿರಿ. ದಾರ ಕಾರ್ಡಿಗೆ ಜೋತುಬಿದ್ದು ನಿಲ್ಲುತ್ತದೆ. ಬೇಕಾದಾಗ ಕುಣಿಕೆ ಸಡಿಲಿಸಿ ಒಂದು ಎಳೆ ಹಿಡಿದು ಎಳೆದರೆ ಅದೊಂದೇ ಬರುತ್ತದೆ, ಉಳಿದವು ಅಲುಗುವುದಿಲ್ಲ. ಇದನ್ನು ಮಾಡಿ ನೋಡಿದ ಮೇಲೆ ನಾನು ಮನೆಯಲ್ಲೂ ಹೀಗೇ ಇಡುತ್ತಿದ್ದೇನೆ.

ಹೊಲಿಗೆ ಮುಗಿದಲ್ಲಿ ಉಳಿದ ತುದಿಯನ್ನು ಕತ್ತರಿಸದೆ ಹಿಂಭಾಗದಲ್ಲಿ ಎರಡು ಇಂಚು ಜೋತುಬಿಡಿ. ತಲುಪಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ. ಕತ್ತರಿಸಲೇಬೇಕು ಅನ್ನುವವರು ಒಂದು ಸಣ್ಣ ನೇಲ್ ಕಟ್ಟರ್ ಇಟ್ಟುಕೊಳ್ಳಿ. ಚೂಪು ಕಡ್ಡಿ, ಚಾಕು ಜೋಡಿಸಿದ ಥರದ್ದು ಬೇಡ, ಬರೀ ಉಗುರು ಕತ್ತರಿಸುವಂಥದ್ದು. ಅದನ್ನೂ ತೆಗೆಸಿದರೆ ಹೋಗಲಿ ಬಿಡಿ, ಇಪ್ಪತ್ತು ಮೂವತ್ತು ರೂಪಾಯಿಯ ವಸ್ತು.

ನಲವತ್ತು ದಾಟಿದವರಿಗೆ ಇನ್ನೊಂದು ಮಾತು. ಮನೆಯ ಬೆಳಕಿನಲ್ಲೇ ನಾಲ್ಕು ಸೂಜಿಗೆ ದಾರ ಪೋಣಿಸಿಟ್ಟುಕೊಳ್ಳಿ. ತೆಳು ತಂತಿಯ ಪೋಣಿಸುವ ಕಡ್ಡಿಯೂ ಒಂದಿರಲಿ. ಅರೆಗತ್ತಲಲ್ಲಿ ಸೂಜಿಯ ಕಣ್ಣು ಹುಡುಕುತ್ತಾ ಅರ್ಧ ದಾರಿ ಕಳೆಯಬಾರದು.

ಸೂಜಿ ಎಷ್ಟು, ಎಲ್ಲಿ

ನಾಲ್ಕೇ ಸೂಜಿ. ನನ್ನ ಲೆಕ್ಕ ಇಷ್ಟೇ, ಇದನ್ನು ನಾನು ಬದಲಿಸುವುದಿಲ್ಲ. ನಾಲ್ಕಿದ್ದರೆ ಒಂದು ಕಳೆದರೆ ಗೊತ್ತಾಗುತ್ತದೆ. ಇಡೀ ಪಾಕೀಟು ಒಯ್ದರೆ ಗೊತ್ತಾಗುವುದಿಲ್ಲ, ಅದು ಮುಂದಿನ ಪ್ರಯಾಣಿಕರ ತೊಡೆಗೆ ಚುಚ್ಚುತ್ತದೆ.

ಹಳೇ ಉಲ್ಲನ್ ಬಟ್ಟೆಯ ಎರಡು ತುಂಡು ಸೇರಿಸಿ ಪುಸ್ತಕದ ಥರ ಹೊಲಿದು ಅದರಲ್ಲಿ ಸೂಜಿ ಚುಚ್ಚಿಡಿ. ಡಬ್ಬಿಯಲ್ಲಿ ಇಡುವುದಾದರೆ ಒಳಗೆ ಕಾಣುವ ಪ್ಲಾಸ್ಟಿಕ್ ಡಬ್ಬಿ ಆಗಲಿ. ಬೀದರ್ ಕಡೆಯವರ ಮನೆಯಲ್ಲಿ ಚೆಂದದ ಬಿದ್ರಿ ಡಬ್ಬಿ ಇರುತ್ತದೆ, ಅದರಲ್ಲಿ ಸೂಜಿ ಇಟ್ಟುಕೊಂಡು ಹೋಗುವ ಆಸೆ ಆಗಬಹುದು. ಅದು ಸತು ತಾಮ್ರದ ಗಟ್ಟಿ ಎರಕ. ಎಕ್ಸ್‌ರೇ ಪರದೆಯಲ್ಲಿ ಕಪ್ಪು ಗಡ್ಡೆಯಂತೆ ಕಾಣುತ್ತದೆ, ಒಳಗೇನಿದೆ ತಿಳಿಯುವುದಿಲ್ಲ. ತೆಗೆಸಿ ನೋಡುತ್ತಾರೆ, ನಿಮ್ಮ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಡಬ್ಬಿ ಸೂಟ್‌ಕೇಸಿನಲ್ಲಿ ಬರಲಿ.

ಸೆರಗಿಗೆ, ಕುಪ್ಪಸಕ್ಕೆ ಸೂಜಿ ಚುಚ್ಚಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಬಳೆಗೆ, ತಾಳಿಗೆ ಪಿನ್ನು ಜೋತುಹಾಕುವುದೂ ಇದೆ. ತಪಾಸಣೆಗೆ ಹೋಗುವ ಮೊದಲು ಅವನ್ನೆಲ್ಲ ತೆಗೆದು ಸಂಚಿಗೆ ಹಾಕಿ. ಮೈ ತಡವಿ ನೋಡುವ ಹುಡುಗಿಯ ಕೈಗೆ ಚುಚ್ಚಿದರೆ ಪಾಪ.

ಎಲೆಅಡಿಕೆ ಸಂಚಿ

ಅಂಗಡಿಯಲ್ಲಿ ಕ್ರಾಫ್ಟ್ ಪೌಚ್ ಅಂತ ಮಾರುತ್ತಾರೆ, ನಾನು ಕೊಂಡಿಲ್ಲ. ನಮ್ಮ ಅಜ್ಜಿಯ ಕಾಲದ ಎಲೆಅಡಿಕೆ ಸಂಚಿಯೇ ಸಾಕು. ಒಳಗೆ ಮೂರು ನಾಲ್ಕು ಖಾನೆ, ಬಾಯಿಗೆ ಎಳೆಯುವ ದಾರ. ಒಂದು ಖಾನೆಗೆ ದಾರದ ಕಾರ್ಡು, ಒಂದಕ್ಕೆ ಸೂಜಿಯ ಪುಸ್ತಕ, ಒಂದಕ್ಕೆ ಹೊಲಿಯುವ ತುಂಡು. ಕ್ರೋಶಾದವರು ಉಣ್ಣೆಯ ಉಂಡೆ ಒಳಗಿಟ್ಟು ಬಾಯಿ ಸ್ವಲ್ಪ ಬಿಗಿದು ಮುಂಗೈಗೆ ಜೋತುಹಾಕಿಕೊಂಡರೆ ಉಂಡೆ ಸೀಟಿನಡಿ ಉರುಳಿ ಹೋಗುವುದಿಲ್ಲ.

ಸಂಚಿ ಒಮ್ಮೆ ತಿರುವಿಹಾಕಿ ಝಾಡಿಸಿ ಆಮೇಲೆ ತುಂಬಿ. ಮನೆಯ ಹಿರಿಯರು ಈಗಲೂ ಬಳಸುವ ಸಂಚಿಯಾದರೆ ಒಳಗೆ ಅಡಕೊತ್ತು ಇರುತ್ತದೆ. ಅದೂ ಅಲಗಿನ ವಸ್ತುವೇ, ಸೂಟ್‌ಕೇಸಿಗೇ ಹೋಗಬೇಕು. ಅತ್ತೆ, ಅಜ್ಜಿಯನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯಬೇಡಿ.

ಎಲ್ಲೂ ಇಡಬಾರದ್ದು, ಕೈಯಲ್ಲೇ ಇರಬೇಕಾದ್ದು

ನೈಲಾನ್ ದಾರದ ತುದಿ ಸುಡಲು ಬೆಂಕಿಪೊಟ್ಟಣ, ಲೈಟರ್ ಇಟ್ಟುಕೊಳ್ಳುವವರಿದ್ದಾರೆ. ನಮ್ಮ ದೇಶದ ವಿಮಾನದಲ್ಲಿ ಅವು ಕೈಚೀಲಕ್ಕೂ ಬೇಡ, ಸೂಟ್‌ಕೇಸಿಗೂ ಬೇಡ. ಬಟ್ಟೆಯ ಅಂಟು ದ್ರವ ಅಂತ ಲೆಕ್ಕ. ವಿದೇಶಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ಯಾವ ದ್ರವದ ಬಾಟಲಿಯೂ 100 ಮಿಲಿ ಮೀರಬಾರದು. ಸೂಟ್‌ಕೇಸಿಗೆ ಹಾಕಿಬಿಡಿ.

ಕೊರಳಿಗೆ ಹಾಕಿಕೊಳ್ಳುವ ಎಲ್‌ಇಡಿ ದೀಪ ಹೊಲಿಗೆಗೆ ಬಹಳ ಅನುಕೂಲ. ಪವರ್ ಬ್ಯಾಂಕ್ ಒಯ್ಯುವುದಾದರೆ ಅದು ಕೈಚೀಲದಲ್ಲೇ ಇರಬೇಕು. ಪವರ್ ಬ್ಯಾಂಕನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ಬೆಂಕಿ ಹತ್ತಿದರೆ ಸಾಮಾನಿನ ಕೋಣೆಯಲ್ಲಿ ನಂದಿಸುವವರು ಯಾರೂ ಇರುವುದಿಲ್ಲ.

ಊರಿಂದ ಏರ್‌ಪೋರ್ಟಿನ ತನಕ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ಕ್ಕೆ ಶುರುವಾಯಿತು, ಬೀದರ್‌ನದು 2020ರ ಫೆಬ್ರವರಿಯಲ್ಲಿ. ಎರಡು ಕಡೆಯೂ ವಿಮಾನ ನಿಂತು ಮತ್ತೆ ಶುರುವಾದದ್ದಿದೆ. ಟಿಕೆಟ್ ತೆಗೆಯುವ ಮೊದಲು ಆ ವಾರದ ವೇಳಾಪಟ್ಟಿ ನೋಡಿ. ಬೀದರ್‌ನದು ವಾಯುಪಡೆಯ ಜಾಗ, ಅಲ್ಲಿ ಫೋಟೋ ತೆಗೆಯಲು ಹೋಗಬೇಡಿ. ಯಾದಗಿರಿಯವರಿಗೆ ಊರಲ್ಲಿ ವಿಮಾನವಿಲ್ಲ. ದೂರದೇಶಕ್ಕೆ ಹೋಗುವ ನಾವೆಲ್ಲ ಬಹಳ ಸಲ ರೈಲು, ಬಸ್ಸು, ಕಾರು ಹಿಡಿದು ಹೈದರಾಬಾದಿನ ಶಂಶಾಬಾದಿಗೇ ಹೋಗುತ್ತೇವೆ.

ಆ ಕೆಲವು ತಾಸು ಕತ್ತರಿ ಬಳಸಲು ಅಡ್ಡಿಯಿಲ್ಲ. ವಾಡಿ ದಾಟಿ ತಾಂಡೂರು, ವಿಕಾರಾಬಾದ್ ಬರುವವರೆಗೆ ರೈಲಿನಲ್ಲಿ ಚೌಕ ಕತ್ತರಿಸಬಹುದು. ನನ್ನಂಥವರು ಮೋಸ ಹೋಗುವುದೂ ಇಲ್ಲೇ. ರೈಲಿನಲ್ಲಿ ಬಳಸಿದ ಕತ್ತರಿ ಕೈಚೀಲದಲ್ಲೇ ಉಳಿದುಬಿಡುತ್ತದೆ. ಅದಕ್ಕೆ ಸೂಟ್‌ಕೇಸಿನ ಹೊರಗಿನ ಜಿಪ್ಪಿಗೆ ಒಂದು ಕೆಂಪು ದಾರ ಕಟ್ಟುತ್ತೇನೆ. ಏರ್‌ಪೋರ್ಟಿನ ಬಾಗಿಲಲ್ಲಿ ಆ ದಾರ ಕಂಡರೆ ನಿಲ್ಲುವುದು, ಸಂಚಿ ಬಿಚ್ಚುವುದು, ಅಲಗಿನದೆಲ್ಲ ಸೂಟ್‌ಕೇಸಿಗೆ ಹಾಕುವುದು. ಆಮೇಲೆ ಚೆಕ್-ಇನ್ ಸಾಲು. ಸೂಟ್‌ಕೇಸ್ ಒಮ್ಮೆ ಬೆಲ್ಟಿಗೆ ಹೋದರೆ ಮತ್ತೆ ಕೈಗೆ ಸಿಗುವುದಿಲ್ಲ.

ಕಳಿಸಲು ಬಂದವರಿಗೆ ಹೇಳಿ, ತಪಾಸಣೆ ದಾಟಿ ನೀವು ಫೋನ್ ಮಾಡುವ ತನಕ ಹೊರಗೇ ಇರಲಿ. ಏನಾದರೂ ತೆಗೆಸಿದರೆ, ಹೊತ್ತಿದ್ದರೆ, ಸಿಬ್ಬಂದಿಯನ್ನು ಕೇಳಿಕೊಂಡು ಅವರ ಕೈಗೆ ಮುಟ್ಟಿಸಬಹುದು. ದೇಶದೊಳಗಿನ ವಿಮಾನಕ್ಕೆ ಎರಡು ತಾಸು, ವಿದೇಶಕ್ಕೆ ಮೂರು ತಾಸು ಮೊದಲೇ ಹೋಗಿ.

ತಪಾಸಣೆಯಲ್ಲಿ

ಸಂಚಿಯನ್ನು ಕೈಚೀಲದ ತಳಕ್ಕೆ ತುರುಕದೆ ಮೇಲೆಯೇ ಇಡಿ. ಕೇಳಿದರೆ ತಕ್ಷಣ ತೆಗೆದು ತೋರಿಸಿ. ಶಂಶಾಬಾದಿನಲ್ಲಿ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್‌ನವರು ಇರುತ್ತಾರೆ, ಹಿಂದಿಯಲ್ಲಿ ಕೇಳುತ್ತಾರೆ. ನಮ್ಮ ಕಡೆಯವರಿಗೆ ಹಿಂದಿ ಹೊಸದೇನಲ್ಲ. "ಸೂಯಿ-ಧಾಗಾ ಹೈ, ಕಢಾಯಿ ಕಾ ಕಾಮ್ ಹೈ" ಅಂದರೆ ಸಾಕು. ಕೆಲಸ ಶುರುವಾಗಿರುವ ತುಂಡು ಜೊತೆಗೇ ತೋರಿಸಿ. ಅರ್ಧ ಹೊಲಿದ ಗೋಪುರ, ತೇರು ಕಂಡರೆ ಸೂಜಿ ಯಾಕೆ ಅನ್ನುವುದು ಅವರಿಗೆ ತಾನೇ ತಿಳಿಯುತ್ತದೆ. ಬೇಡ ಅಂದರೆ ಸೂಜಿ ಬಿಟ್ಟುಕೊಡಿ. ನಾಲ್ಕು ಸೂಜಿ ಎಲ್ಲಿ ಬೇಕಾದರೂ ಸಿಗುತ್ತವೆ.

ಸೀಟಿನಲ್ಲಿ

ಬಲಗೈಯವರು ಎಡಗಡೆಯ ಕಿಟಕಿ ಸೀಟು ಕೇಳಿ. ಬೆಳಕು ಎಡದಿಂದ ಬಿದ್ದರೆ ಕೈಯ ನೆರಳು ಹೊಲಿಗೆಯ ಮೇಲೆ ಬೀಳುವುದಿಲ್ಲ. ಎಡಗೈಯವರು ಬಲಗಡೆ. ನಮ್ಮ ಕಡೆ ಹಾರಿದ ಎಂಬ್ರೇರ್ 145 ಅನ್ನುವ 50 ಸೀಟಿನ ಸಣ್ಣ ವಿಮಾನದಲ್ಲಿ ಎಡಕ್ಕೆ ಒಂದೇ ಸೀಟು, ಬಲಕ್ಕೆ ಎರಡು. ಹೊಲಿಯುವವರಿಗೆ ಆ ಒಂಟಿ ಸೀಟು ಬಂಗಾರ. ಮೊಣಕೈ ತಾಗಲು ಪಕ್ಕದಲ್ಲಿ ಯಾರೂ ಇಲ್ಲ. ಆದರೆ ಆ ಬದಿಯಲ್ಲಿ ತಲೆಯ ಮೇಲೆ ಸಾಮಾನಿಡುವ ಗೂಡಿಲ್ಲ, ಸಂಚಿ ಕಾಲ ಬಳಿ ಇರಲಿ.

ಏರುವಾಗ, ಇಳಿಯುವಾಗ, ಬೆಲ್ಟ್ ದೀಪ ಹತ್ತಿದಾಗ ಸೂಜಿ ಪುಸ್ತಕದೊಳಗೆ ಹೋಗಲಿ. ತೊಡೆಯ ಮೇಲೆ ಒಂದು ಬಿಳಿ ಟವೆಲ್ ಹಾಸಿಕೊಳ್ಳಿ, ಬಿದ್ದ ಸೂಜಿ ಕಾಣುತ್ತದೆ. ಸೂಜಿಯಲ್ಲಿ ಯಾವಾಗಲೂ ದಾರ ಇರಲಿ, ದಾರವಿದ್ದರೆ ಹುಡುಕುವುದು ಸುಲಭ. ಏಳುವ ಮೊದಲು ಎಣಿಸಿ: ನಾಲ್ಕು. ಮೂರೇ ಇದ್ದರೆ ನಾಚಿಕೆಪಡದೆ ಗಗನಸಖಿಯನ್ನು ಕರೆದು ಹೇಳಿ. ನಿಮ್ಮ ನಂತರ ಆ ಸೀಟಿನಲ್ಲಿ ಒಂದು ಕೂಸು ಕೂರಬಹುದು.

ನಡುವೆ ದುಬೈ, ದೋಹಾದಂಥ ಕಡೆ ವಿಮಾನ ಬದಲಿಸುವವರಿಗೆ ಮತ್ತೆ ತಪಾಸಣೆ ಆಗಬಹುದು. ಹೈದರಾಬಾದಿನಲ್ಲಿ ಬಿಟ್ಟದ್ದನ್ನು ಅಲ್ಲಿ ಬಿಡಲೇಬೇಕು ಅಂತಿಲ್ಲ. ಹೋದರೆ ಅಳು ಬರುವಂಥ ಯಾವುದನ್ನೂ ಸಂಚಿಯಲ್ಲಿ ಇಡಬೇಡಿ.

ಹೋಗುವಾಗಿನ ಎಚ್ಚರ ಬರುವಾಗ ಇರುವುದಿಲ್ಲ. ನನ್ನ ಕತ್ತರಿ ಹೋದದ್ದೂ ವಾಪಸ್ ಬರುವಾಗಲೇ. ಹೊರಡುವ ಹಿಂದಿನ ರಾತ್ರಿ ಸಂಚಿ ಮತ್ತೆ ಪೂರ್ತಿ ಝಾಡಿಸಿ. ಅಲ್ಲಿನ ಅಂಗಡಿಯಲ್ಲಿ ಆಸೆಪಟ್ಟು ಕೊಂಡ ಹೊಸ ಕತ್ತರಿ, ಕಟ್ಟರ್ ಕವರ್ ಬಿಚ್ಚದೆ ಸೂಟ್‌ಕೇಸಿನ ನಡುವೆ, ಸೀರೆಗಳ ಮಧ್ಯೆ ಇಡಿ. ಕೆಂಪು ದಾರ ಜಿಪ್ಪಿಗೆ ಇನ್ನೂ ಇದೆಯಾ ನೋಡಿ. ಬಿಚ್ಚಿಹೋಗಿದ್ದರೆ ಇನ್ನೊಂದು ಕಟ್ಟಿ.